ಏಳು ಗಡಿಯಾರಗಳ ಕೋಣೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.10

ನಿನ್ನೆ ಆದ ಮಾತನ್ನು ಬರೆದಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವಳು ನಾನು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದೇ ಕೆಲಸ. ಬರೆಯದಿದ್ದರೆ ಆ ಬಸ್ಸು ಹೋಗಿಯೇ ಇಲ್ಲ. ಮಾತೂ ಹಾಗೆಯೇ.

ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಏಳಲಾಗಲಿಲ್ಲ. ನಲವತ್ತು ನಿಮಿಷ ನೆಲದ ಮೇಲೆ ಮಲಗಿ ನಲ್ಲಿಯ ಹನಿ ಎಣಿಸಿದೆ. ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಆಮೇಲೆ ತೆವಳಿಕೊಂಡು ಬಂದು ತಮ್ಮನಿಗೆ ಫೋನು ಮಾಡಿದೆ. ಮಾಡಬಾರದಿತ್ತು. ಅಂದಿನಿಂದ ಅವನದು ಒಂದೇ ರಾಗ, "ಅಕ್ಕ, ನಮ್ಮನೆಗೆ ಬಂದ್ಬಿಡು."

ಅವನ ಮನೆಯಲ್ಲಿ ನನಗೆ ಸಿಗುವುದು ಹಾಲ್‌ನಲ್ಲಿ ಪರದೆಯ ಹಿಂದೆ ಒಂದು ಮಂಚ. ತಮ್ಮ ಒಳ್ಳೆಯವನು, ಅವನ ಹೆಂಡತಿ ಇನ್ನೂ ಒಳ್ಳೆಯವಳು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಈ ಮನೆ ನನ್ನ ದುಡಿಮೆಯಲ್ಲಿ ಎದ್ದದ್ದು. ಇದಕ್ಕೆ ಬೀಗ ಜಡಿದು ಪರದೆಯ ಹಿಂದೆ ಹೋಗಿ ಮಲಗಲು ನನಗೆ ಇಷ್ಟವಿಲ್ಲ.

"ಒಬ್ಬಳೇ ಇರೋದಲ್ವಾ ನಿಂಗೆ ತೊಂದರೆ? ಖಾಲಿ ಕೋಣೆ ಬಾಡಿಗೆಗೆ ಕೊಡ್ತೀನಿ," ಎಂದೆ.

ತಮ್ಮ ನಕ್ಕ. ನಗುವುದಕ್ಕೂ ಒಂದು ಮಿತಿ ಬೇಡವೇ, ಚಹಾ ನೆತ್ತಿಗೆ ಹತ್ತಿತು. "ನಿನ್ನ ಜೊತೆ ಯಾರಕ್ಕ ಇರ್ತಾರೆ? ಕೆಲಸದ ಇಂಟರ್‌ವ್ಯೂಗೆ ಅಂತ ಪೆಟ್ಟಿಗೆ ಹಿಡ್ಕೊಂಡು ಓಡಿ ಬರ್ತಿದ್ರೆ, ಸ್ವಂತ ತಮ್ಮ ಅಂತಾನೂ ನೋಡ್ದೆ ಸೀಟಿ ಊದಿ ಬಸ್ ಕಳಿಸಿದವಳು ನೀನು!"

ಇಪ್ಪತ್ತಾರು ವರ್ಷ ಹಿಂದಿನ ಮಾತು. ಅವನು ಒಂದು ನಿಮಿಷ ತಡವಾಗಿ ಬಂದಿದ್ದ. ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರು. ನಾನು ಮಾಡಿದ್ದು ಸರಿ.

ಕೊನೆಗೆ ಪಂದ್ಯವಾಯಿತು. ಒಬ್ಬರೇ ಬಾಡಿಗೆದಾರರು ತೊಂಬತ್ತು ದಿನ ನನ್ನ ಮನೆಯಲ್ಲಿ ನಿಂತರೆ ಅವನು ಮತ್ತೆ ಈ ಮಾತು ಎತ್ತುವುದಿಲ್ಲ. ನಿಲ್ಲದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು. ಮಾತು ಕೊಟ್ಟಾಗಿದೆ.

ಮಾರ್ಚ್ 5, ಬುಧವಾರ. ಸಂಜೆ 5.40

ಕೋಣೆ ಗುಡಿಸಿದೆ. ಗೋಡೆಯ ಮೇಲೆ ಏಳು ಗಡಿಯಾರಗಳಿವೆ. ಮೂರು ವರ್ಷದ ಹಿಂದೆ, ನಿವೃತ್ತಿಯ ದಿನ, ಏಳು ಜನ ಒಬ್ಬರನ್ನೊಬ್ಬರು ಕೇಳದೆ ಏಳು ಗಡಿಯಾರ ತಂದಿದ್ದರು. ಜೀವಮಾನವೆಲ್ಲ ಗಡಿಯಾರ ನೋಡಿದವಳಿಗೆ ಗಡಿಯಾರವನ್ನೇ ಕೊಡುವವರಿಗೆ ಏನೆನ್ನಬೇಕು? ಏಳೂ ಒಂದೇ ಸೆಕೆಂಡಿಗೆ ನಡೆಯುವ ಹಾಗೆ ಇಟ್ಟಿದ್ದೇನೆ.

ಬಾಡಿಗೆದಾರರಿಗಾಗಿ ವೇಳಾಪಟ್ಟಿ ಸಿದ್ಧ. ಸ್ನಾನ 6.15ರಿಂದ 6.27. ಒಲೆ 6.40ರಿಂದ 7. ಬಾಗಿಲ ಹಿಂದೆ ಒಂದು ಹಾಳೆ ತೂಗುಹಾಕಿದೆ: ಹೊರಟ ಸಮಯ, ಬಂದ ಸಮಯ, ಕಾರಣ, ಸಹಿ. ಯಾರಿಗೂ ಯಾವ ಗೊಂದಲವೂ ಇರಬಾರದು.

ಮಾರ್ಚ್ 12, ಬುಧವಾರ. ಬೆಳಿಗ್ಗೆ 7.02

ಶನಿವಾರ ಬಂದ ಔಷಧ ಅಂಗಡಿಯ ಹುಡುಗಿ ಇವತ್ತು ಬೆಳಿಗ್ಗೆ 6.51ಕ್ಕೆ ಹೊರಟುಹೋದಳು. ನಾಲ್ಕು ದಿನ.

ನಾನು ಗದರಲಿಲ್ಲ. ಅವಳು ಬಚ್ಚಲಲ್ಲಿ ಒಂಬತ್ತು ನಿಮಿಷ ಹೆಚ್ಚು ಇದ್ದಳು. ನಾನು ಹಾಲ್‌ನಲ್ಲಿ ನಿಂತು ಹಳೆಯ ಮೈಕಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ, ಸ್ನಾನದ ವೇಳೆ ಮುಗಿದಿದೆ," ಎಂದೆ. ಅಷ್ಟೇ. ಒದ್ದೆ ಕೂದಲಲ್ಲೇ ಬ್ಯಾಗು ಹೆಗಲಿಗೇರಿಸಿ, "ನಿಮಗೆ ಬೇಕಾಗಿರೋದು ಬಾಡಿಗೆಯವರಲ್ಲ ಮೇಡಂ, ಬಸ್ಸು," ಎಂದು ಹೋದಳು.

ತಮ್ಮನಿಗೆ ಹೇಳಿದೆ. ಮುಚ್ಚಿಡುವುದು ನನ್ನ ಜಾಯಮಾನವಲ್ಲ. "ನಾಲ್ಕು ದಿನಾನಾ? ನಾನು ಎರಡೇ ಅಂದ್ಕೊಂಡಿದ್ದೆ," ಎಂದ. ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಟ್ಟಿದ್ದಾನೆ. ಎಣಿಕೆ ಮತ್ತೆ ಒಂದರಿಂದ.

ಮಾರ್ಚ್ 17, ಸೋಮವಾರ. ಸಂಜೆ 7.20. ದಿನ 1

6.30ಕ್ಕೆ ಬರುತ್ತೇನೆ ಎಂದವಳು 6.42ಕ್ಕೆ ಬಂದಳು. ಹನ್ನೆರಡು ನಿಮಿಷ ತಡ. ಒಂದು ಬಟ್ಟೆ ಚೀಲ, ಒಂದು ದಿಂಬು, ಮುಖದ ತುಂಬ ನಗು. ವಯಸ್ಸು ಇಪ್ಪತ್ತೊಂಬತ್ತು. ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಳಂತೆ, ಈಗ ಡ್ರೈವರ್ ತರಬೇತಿಗೆ ಸೇರಿದ್ದಾಳೆ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ. ಇದನ್ನೂ ನಗುತ್ತಲೇ ಹೇಳಿದಳು. ನಾನು ಇವಳಿಗೆ ಅರ್ಧ ಡ್ರೈವರ್ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ.

ಗೋಡೆ ನೋಡಿ ಬಾಯಿ ತೆರೆದು ನಿಂತಳು. "ಮೇಡಂ, ಏಳೂ ಟಿಕ್ ಟಿಕ್ ಅಂತಿದ್ರೆ ನಿದ್ದೆ ಹೇಗೆ ಮಾಡೋದು? ಸೆಲ್ ತೆಗಿಲಾ?"

ತೊಂಬತ್ತು ದಿನ ನೆನಪಾಯಿತು. ಆರರ ಸೆಲ್ ತೆಗೆಯಲು ಬಿಟ್ಟೆ. ಆರು ಗಡಿಯಾರಗಳು ಒಂದೊಂದಾಗಿ ನಿಂತದ್ದನ್ನು ನೋಡಲಾಗದೆ ಅಡುಗೆಮನೆಗೆ ಹೋದೆ.

ಬಾಗಿಲ ಹಿಂದಿನ ಹಾಳೆಗೆ ಅವಳು ಬೇಸರಪಡಲಿಲ್ಲ. ನಾಳೆಯದನ್ನು ಈಗಲೇ ತುಂಬಿದ್ದಾಳೆ. ಹೊರಡುವ ಸಮಯ: ಬೆಳಿಗ್ಗೆ. ಕಾರಣ: ಹೊಟ್ಟೆಪಾಡು.

ಮಾರ್ಚ್ 19, ಬುಧವಾರ. ಸಂಜೆ 6.58. ದಿನ 3

ಬಂದದ್ದು 6.49. ಬಚ್ಚಲಲ್ಲಿ ಹಾಡುತ್ತಾಳೆ. ಮೊದಲನೇ ಗೇರಿನಲ್ಲಿ ದಿಬ್ಬ ಹತ್ತುವ ಬಸ್ಸಿನ ದನಿ. ನಾಲಿಗೆ ಕಚ್ಚಿ ಸುಮ್ಮನಿದ್ದೇನೆ.

ಏಪ್ರಿಲ್ 4, ಶುಕ್ರವಾರ. ಸಂಜೆ 7.30. ದಿನ 19

ಅವಳು ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದಳು. ಅದೇನು ಊಟವೋ. ನನ್ನ ಅಡುಗೆ ಸ್ವಲ್ಪ ಹೆಚ್ಚಾಗಿತ್ತು, ಕೊಟ್ಟೆ. ನಾಳೆಯೂ ಹೆಚ್ಚಾಗುವ ಸಂಭವವಿದೆ.

ಊಟ ಮಾಡುತ್ತಾ ಹಳೆಯ ಕಥೆ ಕೇಳಿದಳು. ಪ್ರಯಾಣಿಕರೊಬ್ಬರು ಬಸ್ಸಿನಲ್ಲಿ ಮರೆತು ಹೋದ ಹಲ್ಲಿನ ಸೆಟ್ಟನ್ನು ನಾನು ಮೈಕಿನಲ್ಲಿ ಘೋಷಿಸಿದ ಪ್ರಸಂಗ ಹೇಳಿದೆ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದನ್ನು ಹಿಂದೆ ಯಾರಿಗೂ ಹೇಳಿರಲಿಲ್ಲ. ಕೇಳಿದವರಾದರೂ ಯಾರಿದ್ದರು?

ಏಪ್ರಿಲ್ 15, ಮಂಗಳವಾರ. ರಾತ್ರಿ 8.05. ದಿನ 30

ಮೂವತ್ತು ದಿನ. ತಮ್ಮ ಫೋನಿನಲ್ಲಿ ಸ್ವಲ್ಪ ಮೆತ್ತಗಾಗಿದ್ದ. ಸಂತೋಷಪಡಬೇಕು, ಆದರೆ ಇವತ್ತು ಒಂದು ವಿಷಯ ಗೊತ್ತಾಯಿತು.

ಅವಳ ಮೂರನೆಯ ಪರೀಕ್ಷೆ ಮೇ ಇಪ್ಪತ್ತಕ್ಕೆ. ಅದೇ ಕೊನೆಯದು. ಫೇಲಾದರೆ ಇಲ್ಲಿಯ ಡಿಪೋದಲ್ಲೇ ಮತ್ತೆ ಬಸ್ಸು ತೊಳೆಯುವ ಕೆಲಸ, ನನ್ನ ಮನೆಯಲ್ಲೇ ಇರುತ್ತಾಳೆ. ಪಾಸಾದರೆ ಜೂನ್ ಎರಡಕ್ಕೆ ಮೂರು ಗಂಟೆ ದಾರಿಯ ಇನ್ನೊಂದು ಡಿಪೋಗೆ ಹೋಗಬೇಕು. ಜೂನ್ ಎರಡು ಎಂದರೆ ಎಪ್ಪತ್ತೆಂಟನೆಯ ದಿನ. ಹನ್ನೆರಡು ದಿನ ಕಡಿಮೆ.

ಅವಳು ಫೇಲಾದರೆ ನಾನು ಗೆಲ್ಲುತ್ತೇನೆ. ಪಾಸಾದರೆ ಪರದೆಯ ಹಿಂದಿನ ಮಂಚ.

ಫೇಲಾಗುತ್ತಿರುವುದು ಬಸ್ಸನ್ನು ಹಿಂದಕ್ಕೆ ತೆಗೆಯುವಾಗ. "ಮುಂದೆ ಹೋಗೋದಕ್ಕೆ ನಂಗೆ ಭಯ ಇಲ್ಲ ಮೇಡಂ, ಹಿಂದಕ್ಕೆ ಹೋಗುವಾಗ ಕೈಕಾಲು ಬಿದ್ದುಹೋಗತ್ತೆ," ಎಂದಳು. "ಪರೀಕ್ಷೆ ಜಾಗದಲ್ಲಿ ಕಂಬಗಳನ್ನ ತೀರಾ ಹತ್ತಿರ ನೆಟ್ಟಿದ್ದಾರೆ," ಎಂದೂ ಸೇರಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತು. ಮೂವತ್ತೊಂದು ವರ್ಷ ಸಾವಿರಾರು ಡ್ರೈವರ್‌ಗಳು ಹಿಂದಕ್ಕೆ ತೆಗೆಯುವುದನ್ನು ನೋಡಿದ್ದೇನೆ. ಕತ್ತು ತಿರುಗಿಸಿ ಹಿಂದೆ ನೋಡುವವರು ಗುದ್ದುತ್ತಾರೆ, ಕನ್ನಡಿ ನಂಬುವವರು ಗುದ್ದುವುದಿಲ್ಲ. ಇವಳು ಕುರ್ಚಿ ಹಿಂದಕ್ಕೆ ಎಳೆಯುವಾಗಲೂ ಕತ್ತು ತಿರುಗಿಸುತ್ತಾಳೆ. ಹೇಳಲಿಲ್ಲ. ತಟ್ಟೆ ತೊಳೆದು ಬಂದೆ.

ಏಪ್ರಿಲ್ 16, ಬುಧವಾರ. ಬೆಳಿಗ್ಗೆ 6.30. ದಿನ 31

ಹೇಳಿಬಿಟ್ಟೆ. ಬಸ್ಸು ತಪ್ಪು ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂದು ಕಣ್ಣಿಗೆ ಕಂಡ ಮೇಲೆ ಮೈಕ್ ಹಿಡಿಯದೆ ಇರುವುದು ನನಗೆ ಬರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಏಪ್ರಿಲ್ 20, ಭಾನುವಾರ. ಸಂಜೆ 6 ಗಂಟೆ ಸುಮಾರಿಗೆ. ದಿನ 35

ಮೈ ಕೈ ನೋವು. ನಕ್ಕೂ ನಕ್ಕೂ ದವಡೆ ನೋವು ಬೇರೆ.

ಅಭ್ಯಾಸಕ್ಕೆ ಬಸ್ಸು ಕೊಡುವವರು ಯಾರು? ತರಕಾರಿಯವಳು ಮಧ್ಯಾಹ್ನ ತಳ್ಳುಗಾಡಿಯನ್ನು ನಮ್ಮ ಗೇಟಿನ ಬಳಿ ನಿಲ್ಲಿಸಿ ಊಟಕ್ಕೆ ಹೋಗುತ್ತಾಳೆ. ಅದನ್ನು ಕೇಳಿದೆ. ಗಾಡಿಯ ಎರಡು ಬದಿಗೆ ಕನ್ನಡಿ ಕಟ್ಟಿ, ಹಿಂದೆ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಬಿಂದಿಗೆಗಳ ನಡುವೆ ಹಿಂದಕ್ಕೆ ಎಳೆಯಬೇಕು. ಇದು ನನ್ನ ಯೋಜನೆ. ಕನ್ನಡಿ ನನ್ನ ಹತ್ತಿರ ಇದ್ದದ್ದು ಒಂದೇ. ಇನ್ನೊಂದು ಉದ್ದ ಕನ್ನಡಿ ಇದ್ದದ್ದು ಪಕ್ಕದ ಮನೆಯ ಟೈಲರ್ ಅಂಗಡಿಯಲ್ಲಿ.

ಟೈಲರ್‌ಗೂ ನನಗೂ ಮೂರು ವರ್ಷದಿಂದ ಮಾತಿಲ್ಲ. ನನ್ನ ಬೀಳ್ಕೊಡುಗೆಗೆಂದು ಹೊಲಿಯಲು ಕೊಟ್ಟ ಬಟ್ಟೆಯನ್ನು ಒಂದು ದಿನ ತಡವಾಗಿ ಕೊಟ್ಟಿದ್ದ. ಬೀದಿಯವರೆಲ್ಲ ಕೇಳುವ ಹಾಗೆ ಬೈದಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು? ಅರ್ಧ ಡ್ರೈವರ್ ಹಿಂದಿನಿಂದ ತಳ್ಳಿದಳು. "ಹೋಗಿ ಮೇಡಂ, ರೈಟ್ ರೈಟ್!"

ಬರಿಗೈಲಿ ಹೋಗಲಾರದೆ ನಿಂತ ಗಡಿಯಾರಗಳಲ್ಲಿ ದೊಡ್ಡದನ್ನು ಹಿಡಿದುಕೊಂಡು ಹೋದೆ. ಟೈಲರ್ ಗಡಿಯಾರ ನೋಡಿದ, ನನ್ನನ್ನು ನೋಡಿದ. "ಇದು ಚುಚ್ಚುಮಾತಾ, ಉಡುಗೊರೆನಾ ಮೇಡಂ?"

"ಎರಡೂ ಇರಲಿ. ಕನ್ನಡಿ ಕೊಡ್ತೀರಾ?"

ಕೊಟ್ಟ. ಬರೀ ಕೊಡಲಿಲ್ಲ, ತಾನೇ ಹೊತ್ತು ತಂದು, ಅಳತೆ ಟೇಪು ಹಿಡಿದು, ಗಾಡಿಗೆ ಸರಿಯಾಗಿ ಕಟ್ಟಿದ. ಆಮೇಲೆ ಶುರುವಾಯಿತು. ನಾನು ಹಳೆಯ ಸೀಟಿ ಊದುತ್ತಾ ಹಿಂದೆ ನಿಂತೆ. ಮೊದಲ ಸಲ ಮೂರು ಬಿಂದಿಗೆ ಉರುಳಿದವು. ಎರಡನೆಯ ಸಲ ನಾನೇ ಉರುಳುವುದರಲ್ಲಿದ್ದೆ. ಬೀದಿಯ ಜನ ಬಾಗಿಲಿಗೆ ಬಂದು ನಿಂತರು. "ಹಿಂದೆ ನೋಡ್ಬೇಡ! ಕನ್ನಡಿ ನೋಡು!" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಊಟ ಮುಗಿಸಿ ಬಂದ ತರಕಾರಿಯವಳು ತನ್ನ ಗಾಡಿಯ ಅವಸ್ಥೆ ನೋಡಿ, "ಇದಕ್ಕೆ ಲೈಸೆನ್ಸ್ ಬೇಕಾ?" ಎಂದಳು.

ಏಪ್ರಿಲ್ 27, ಭಾನುವಾರ. ಸಂಜೆ

ಬಿಂದಿಗೆ ಸಾಲದೆ ಜನರೇ ಕಂಬಗಳಾಗಿ ನಿಂತರು. ಎದುರು ಮನೆಯ ಮೇಷ್ಟ್ರು, ಅವರ ಹೆಂಡತಿ, ಟೈಲರ್, ಮೂಲೆ ಮನೆಯ ನರ್ಸು. ಬಿಂದಿಗೆ ಉರುಳಿದರೆ ಅವಳು ನಗುತ್ತಿದ್ದಳು. ಮೇಷ್ಟ್ರ ಕಾಲಿಗೆ ಗಾಡಿ ತಾಗಿದಾಗ ನಗು ನಿಂತಿತು, ಕಲಿಕೆ ಶುರುವಾಯಿತು. ಹನ್ನೊಂದನೆಯ ಸಲ ಯಾರಿಗೂ ತಾಗದೆ ಗೇಟಿನೊಳಗೆ ತಂದು ನಿಲ್ಲಿಸಿದಳು. ಬೀದಿಯೆಲ್ಲ ಚಪ್ಪಾಳೆ.

ಎಲ್ಲರಿಗೂ ನಮ್ಮ ಮನೆಯಲ್ಲೇ ಚಹಾ. ಲೋಟ ಸಾಲಲಿಲ್ಲ. ಹದಿನೆಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ, ಲೋಟ ಸಾಲದೆ ಹೋದದ್ದು ಇದೇ ಮೊದಲು. ನಾಳೆ ಅರ್ಧ ಡಜನ್ ತರಬೇಕು.

ನರ್ಸು ಕೋಣೆಗೆ ಇಣುಕಿ, ನಿಂತ ಗಡಿಯಾರಗಳನ್ನು ನೋಡಿ ಕೇಳಿದಳು, ಅವಳಿಗೊಂದು ಕೊಟ್ಟೆ. ಮೇಷ್ಟ್ರಿಗೂ ಒಂದು.

ಮೇ 9, ಶುಕ್ರವಾರ

ಇವತ್ತಿನದನ್ನು ಬರೆಯದೆ ಮಲಗಲಾರೆ.

ಈಚೆಗೆ ದಿನವೂ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ಇವತ್ತು ಹೋದವಳು ಉದ್ಯಾನದ ಬೆಂಚಿನ ಮೇಲೆ ಕೂತು ಹಳೆಯ ಕಂಡಕ್ಟರೊಬ್ಬರ ಜೊತೆ ಮಾತಿಗಿಳಿದೆ. ಎದ್ದು ಬರುವಾಗ ದಾರಿಯಲ್ಲಿ ಟೈಲರ್ ಸಿಕ್ಕ. ಕೊರಳಲ್ಲಿ ಅಳತೆ ಟೇಪು, ಕಾಲಲ್ಲಿ ಒಂದು ಕಪ್ಪು ಚಪ್ಪಲಿ, ಒಂದು ಕಂದು. ಬೆವರುತ್ತಿದ್ದ.

"ಎಲ್ಲಿ ಹೋಗಿದ್ರಿ? ದಿನಾ ಏಳಕ್ಕೆ ನೀವು ವಾಪಸ್ ಬಂದ ಗೇಟ್ ಸದ್ದು ಕೇಳ್ಬೇಕು. ಏಳೂ ಐದಾದ್ರೂ ಕೇಳ್ಲಿಲ್ಲ. ಬಚ್ಚಲ ಬಾಗಿಲು ಬಡಿದ್ವಿ. ಆ ಹುಡುಗಿ ಆ ಕಡೆ ಹುಡುಕೋಕೆ ಹೋಗಿದ್ದಾಳೆ, ನರ್ಸಮ್ಮ ಮಾರ್ಕೆಟ್ ಕಡೆ."

"ಹತ್ತು ನಿಮಿಷ ತಡ ಆಯ್ತಪ್ಪ, ಅಷ್ಟೇ," ಎಂದೆ.

"ನಿಮಗೆ ಹತ್ತು ನಿಮಿಷ ಅಂದ್ರೆ ಅಷ್ಟೇನಾ?" ಎಂದು ನನ್ನ ಮೇಲೆಯೇ ರೇಗಿದ.

ಮನೆಗೆ ಬಂದರೆ ಅರ್ಧ ಡ್ರೈವರ್ ಗೇಟಿನಲ್ಲಿ ನಿಂತು ಅಳುತ್ತಿದ್ದಳು. "ಹೇಳ್ದೆ ಕೇಳ್ದೆ ಹೀಗೆ ಮಾಡ್ತಾರಾ ದೊಡ್ಡಮ್ಮ?" ಎಂದು ನನ್ನ ಕೈ ಹಿಡಿದುಕೊಂಡಳು. ನನಗೂ ಅಳು ಬಂತು. ಮೂವತ್ತೊಂದು ವರ್ಷ ನಾನು ಬೇರೆಯವರಿಗಾಗಿ ಗಡಿಯಾರ ನೋಡಿದೆ. ನನಗಾಗಿ ಒಬ್ಬರು ನೋಡಿದ್ದು ಇವತ್ತು. ಅದೂ ನಾನೇ ಕೊಟ್ಟ ಗಡಿಯಾರ.

ಮೇ 20, ಮಂಗಳವಾರ

ಪಾಸು! ಒಂದು ಕಂಬಕ್ಕೂ ತಾಗಿಲ್ಲ!

ಮೇ 21, ಬುಧವಾರ

ತಮ್ಮನಿಗೆ ಫೋನು ಮಾಡಿ, "ನಮ್ಮ ಹುಡುಗಿ ಪಾಸಾದ್ಲು," ಎಂದೆ. ಅವನು, "ಹಾಗಾದ್ರೆ ಜೂನ್ ಎರಡಕ್ಕೆ ಹೋಗ್ತಾಳೆ. ಪಂದ್ಯ ನೆನಪಿದ್ಯಾ?" ಎಂದ.

ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನೆನಪಿರಲಿಲ್ಲ.

ಜೂನ್ 2, ಸೋಮವಾರ

ಹೊರಟಳು. ಬಂದಾಗ ಇದ್ದ ಅದೇ ಚೀಲ, ಅದೇ ದಿಂಬು, ಜೊತೆಗೆ ಟೈಲರ್ ಹೊಲಿದುಕೊಟ್ಟ ಖಾಕಿ ಅಂಗಿ. ಒಂದು ದಿನ ಮೊದಲೇ ಕೊಟ್ಟನಂತೆ, ನನ್ನ ಮುಂದೆ ಎರಡು ಸಲ ಹೇಳಿದ. ಏಳರಲ್ಲಿ ನಡೆಯುತ್ತಿದ್ದ ಒಂದೇ ಗಡಿಯಾರವನ್ನು ಅವಳ ಚೀಲಕ್ಕೆ ತುರುಕಿದೆ.

ಬಾಗಿಲ ಹಿಂದಿನ ಹಾಳೆಯಲ್ಲಿ ಕೊನೆಯ ಸಾಲು ತುಂಬಿದ್ದಾಳೆ. ಬರುವ ಸಮಯ: ರಜೆ ಸಿಕ್ಕಾಗಲೆಲ್ಲ. ಕಾರಣ: ಮನೆ.

ಮನೆ ಭಣಗುಟ್ಟುತ್ತಿದೆ. ಊಟಕ್ಕೆ ಕೂತಾಗ ಅಡುಗೆ ಹೆಚ್ಚಾಗಿತ್ತು. ಮೇಷ್ಟ್ರ ಹೆಂಡತಿಯನ್ನು ಕೂಗಿ ಕರೆದೆ.

ಜೂನ್ 8, ಭಾನುವಾರ

ಎಲ್ಲಿಂದ ಶುರು ಮಾಡಲಿ?

ತಮ್ಮ ಬೆಳಿಗ್ಗೆಯೇ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದ. "ಪೆಟ್ಟಿಗೆ ಎಲ್ಲಕ್ಕ?" ಎಂದ.

"ಕಟ್ಟಿಲ್ಲ. ಪಂದ್ಯ ಸೋತಿದ್ದೀನಿ ಕಣೋ, ಒಪ್ಕೋತೀನಿ. ಆದ್ರೆ ಬರಲ್ಲ."

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಈಗ ಮುರೀತಾ ಇದ್ದೀನಿ."

ಅಕ್ಕ ಮಾತು ಮುರಿದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿಲ್ಲ. ನಾನೂ ನೋಡಿಲ್ಲ. ಭಯವಾಗಬೇಕಿತ್ತು, ಆಗಲಿಲ್ಲ.

"ಈಗ ಜಗಳಕ್ಕೆ ಟೈಮಿಲ್ಲ, ನಡಿ ಬಸ್ ಸ್ಟ್ಯಾಂಡಿಗೆ," ಎಂದೆ. ಇವತ್ತು ನಮ್ಮ ಡ್ರೈವರಮ್ಮ ಮೊದಲ ಸಲ ನಮ್ಮೂರಿಗೆ ಬಸ್ಸು ತರುವ ದಿನ. 11.15ಕ್ಕೆ ಮತ್ತೆ ಹೊರಡುತ್ತದೆ. ಸೇತುವೆಯವರೆಗೆ ಅವಳ ಬಸ್ಸಿನಲ್ಲಿ ಹೋಗಿ ಬರಬೇಕೆಂದು ಬೀದಿಯವರೆಲ್ಲ ಮಾತಾಡಿಕೊಂಡಿದ್ದೆವು. ವ್ಯಾನಿನಲ್ಲೇ ಎಲ್ಲರನ್ನೂ ತುಂಬಿಕೊಂಡು ಹೊರಟೆವು. ನನ್ನ ಪೆಟ್ಟಿಗೆ ಸಾಗಿಸಲು ತಂದ ವ್ಯಾನಿನಲ್ಲಿ ತರಕಾರಿಯವಳು, ಟೈಲರ್, ನರ್ಸು, ಮೇಷ್ಟ್ರ ದಂಪತಿ.

ಬಸ್ಸು ಬಂತು. ಆ ಕಿರಿದಾದ ನಾಲ್ಕನೇ ಪ್ಲಾಟ್‌ಫಾರ್ಮಿಗೆ, ಹಳೆಯ ಹುಲಿಗಳೇ ತಿಣುಕುವ ಜಾಗಕ್ಕೆ, ಒಂದೇ ಏಟಿಗೆ ಹಿಂದಕ್ಕೆ ತಂದು ನಿಲ್ಲಿಸಿದಳು. ಕತ್ತು ತಿರುಗಿಸಲಿಲ್ಲ. ನಮ್ಮ ಬೀದಿಯ ಕಂಬಗಳೆಲ್ಲ ಕೈ ಎತ್ತಿ ಕೂಗಿದವು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ನಾಚಿಕೆ ಏಕೆ?

ಎಲ್ಲರೂ ಹತ್ತಿದೆವು. ತಮ್ಮ ವ್ಯಾನನ್ನು ನೆರಳಿಗೆ ನಿಲ್ಲಿಸಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. 11.15 ಆಯಿತು. ನನ್ನ ಜಾಗಕ್ಕೆ ಬಂದಿರುವ ಹೊಸ ಕಂಟ್ರೋಲರ್ ನನ್ನ ಕೈಕೆಳಗೇ ಪಳಗಿದವನು, ಸೀಟಿಯನ್ನು ಬಾಯಿಗಿಟ್ಟ.

ಡ್ರೈವರಮ್ಮ ಕನ್ನಡಿಯಲ್ಲಿ ನೋಡಿ ಕೂಗಿದಳು, "ದೊಡ್ಡಮ್ಮ, ಯಾರೋ ಓಡಿ ಬರ್ತಿದ್ದಾರೆ!"

ಬಾಗಿಲಲ್ಲಿ ಇಣುಕಿದೆ. ಐವತ್ತೆರಡು ವರ್ಷದ ನನ್ನ ತಮ್ಮ ಹೊಟ್ಟೆ ಕುಲುಕಿಸುತ್ತಾ, ಒಂದು ಕೈ ಮೇಲೆತ್ತಿ ಓಡಿ ಬರುತ್ತಿದ್ದ. ಮುಖದಲ್ಲಿ ಅದೇ ಇಪ್ಪತ್ತಾರು ವರ್ಷದ ಹಿಂದಿನ ಗಾಬರಿ. ಈ ಬಸ್ಸೂ ತನ್ನನ್ನು ಬಿಟ್ಟೇ ಹೋಗುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

"ಒಂದ್ನಿಮಿಷ ತಡಿಯಪ್ಪ," ಎಂದೆ ಕಂಟ್ರೋಲರ್‌ಗೆ.

ಅವನು ಸೀಟಿ ಬಾಯಿಂದ ತೆಗೆದ. "ಮೇಡಂ, ಈ ಮಾತು ಹೇಳ್ತಿರೋದು ನೀವಾ?"

"ನಾನೇ. ನನ್ನ ತಮ್ಮ ಬರ್ತಿದ್ದಾನೆ."

ತಮ್ಮ ಬಾಗಿಲ ಸರಳು ಹಿಡಿದು ಏದುಸಿರು ಬಿಡುತ್ತಾ ಹತ್ತಿದ. ಕೈಗಡಿಯಾರ ನೋಡಿದ, ನನ್ನನ್ನು ನೋಡಿದ. "ನಿಲ್ಲಿಸಿದ್ಯಾ?"

"ನಿಲ್ಲಿಸ್ದೆ. ಅವತ್ತೂ ನಿಲ್ಲಿಸ್ಬೇಕಿತ್ತು ಕಣೋ. ಕೂತ್ಕೋ."

ನನ್ನ ಪಕ್ಕ ಕೂತ. ಕರವಸ್ತ್ರದಿಂದ ಮುಖವೆಲ್ಲ ಒರೆಸಿಕೊಂಡ, ಕಣ್ಣನ್ನು ಮಾತ್ರ ಎರಡು ಸಲ. ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ಮತ್ತೆ ಬಿದ್ರೆ ಏನಕ್ಕ ಮಾಡ್ತೀಯಾ?" ಎಂದ.

"ನಿನ್ನ ಮನೇಲಿ ಬಿದ್ರೆ ಸಂಜೆ ನೀವೆಲ್ಲ ಕೆಲಸದಿಂದ ಬರೋವರೆಗೂ ಬಿದ್ದೇ ಇರ್ಬೇಕು. ಇಲ್ಲಿ ಹತ್ತು ನಿಮಿಷಕ್ಕೆ ಟೈಲರ್ ಬಾಗಿಲು ಒಡೀತಾನೆ."

ಹಿಂದಿನ ಸೀಟಿನಿಂದ ಟೈಲರ್, "ಎಂಟೇ ನಿಮಿಷ ಸಾರ್," ಎಂದ.

ತಮ್ಮ ಕಿಟಕಿಯ ಕಡೆ ತಿರುಗಿ ನಕ್ಕ. "ಸರಿ ಬಿಡು. ಆ ಮಂಚ ಮಡಚಿಡ್ತೀನಿ," ಎಂದ. ಅಷ್ಟರಲ್ಲಿ ಸೇತುವೆ ಬಂದುಬಿಟ್ಟಿತು. ಇಳಿಯುವ ಮನಸ್ಸು ಯಾರಿಗೂ ಇರಲಿಲ್ಲ. ಇನ್ನೊಂದು ನಿಲ್ದಾಣ ಹೋದೆವು, ಆಮೇಲೆ ಇನ್ನೊಂದು.

ಇಳಿಯುವಾಗ ಡ್ರೈವರಮ್ಮ ಕಿಟಕಿಯಿಂದ ತಲೆ ಹಾಕಿ, ತರಬೇತಿಯಲ್ಲಿ ತನ್ನ ಜೊತೆಗಿದ್ದ ಗೆಳತಿಯೊಬ್ಬಳಿಗೆ ಕೋಣೆ ಬೇಕಂತೆ, ಅವಳೂ ಹಿಂದಕ್ಕೆ ತೆಗೆಯುವುದರಲ್ಲೇ ಫೇಲಂತೆ, ನಾಳೆ ಕಳಿಸಲೇ ಎಂದಳು. "ಕಳಿಸು ಕಳಿಸು," ಎಂದೆ. ತರಕಾರಿಯವಳು ತಲೆಯ ಮೇಲೆ ಕೈ ಹೊತ್ತಳು.

ಈಗ ಕೋಣೆ ಗುಡಿಸಿ, ಹೊಸ ಹೊದಿಕೆ ಹಾಸಿ ಬಂದೆ. ಬಾಗಿಲ ಹಿಂದಿನ ಹಾಳೆ ಹಾಗೇ ಇದೆ, ತೆಗೆಯಲು ಮನಸ್ಸಾಗಲಿಲ್ಲ. ಬರೆಯಲು ಕೂತ ಮೇಲೆ ಹೊಳೆಯಿತು, ಆ ಹುಡುಗಿ ನಾಳೆ ಎಷ್ಟು ಗಂಟೆಗೆ ಬರುತ್ತಾಳೆ ಎಂದು ಕೇಳುವುದನ್ನೇ ಮರೆತಿದ್ದೇನೆ. ಬಂದಾಗ ಬರಲಿ. ಮನೆಯಲ್ಲೇ ಇರುತ್ತೇನಲ್ಲ.